ಓಣಿಯಲ್ಲಿ ನಿಂತ ಶನಿವಾರ

ಸಂಜೆ ಜಲಾಶಯದ ನೀರಿನ ಮಟ್ಟ ಫೋನಿನಲ್ಲಿ ಬರುವ ತನಕ ನನಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಮೊದಲ ಪುಟದ ಬಲತುದಿಯಲ್ಲಿ ಒಂದು ಸಣ್ಣ ಚೌಕ ಅದಕ್ಕೆಂದೇ ಖಾಲಿ ಬಿದ್ದಿರುತ್ತದೆ. ನಮ್ಮ ಹೊಸಪೇಟೆಯ ಓದುಗರು ಮುಖ್ಯ ಸುದ್ದಿಯನ್ನು ಬಿಟ್ಟರೂ ಬಿಟ್ಟಾರು, ಆ ಚೌಕವನ್ನು ಬಿಡುವುದಿಲ್ಲ. ಅಲ್ಲಿ ಒಂದು ಅಂಕಿ ತಪ್ಪಿದರೆ ಬೆಳಗಾಗುವಷ್ಟರಲ್ಲಿ ಕಂಪ್ಲಿಯ ಭತ್ತದವರು, ಕಮಲಾಪುರದ ಬಾಳೆಯವರು ಫೋನ್ ಮಾಡಿ ನಮ್ಮ ಕ್ಷೇಮ ವಿಚಾರಿಸುತ್ತಾರೆ. ಹಾಗಾಗಿ ಊಹೆಯಿಂದ ತುಂಬುವಂತಿಲ್ಲ, ಕಾಯಬೇಕು.

ಕಾಯುವಾಗ ನನ್ನ ಕೈ ತಾನಾಗಿ ಮೇಜಿನ ಮೇಲಿನ ಹಳೆಯ ಕ್ಯಾಲ್ಕುಲೇಟರಿಗೆ ಹೋಗುತ್ತದೆ. ಒಂದು, ಭಾಗಿಸು, ಏಳು, ಸಮ. ಪರದೆಯ ಮೇಲೆ ಆ ಅಂಕಿಗಳು ಬಂದು ನಿಲ್ಲುತ್ತವೆ: ಸೊನ್ನೆ, ಚುಕ್ಕೆ, ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಆಮೇಲೆ ಮತ್ತೆ ಒಂದು, ನಾಲ್ಕು. ಪರದೆ ಮುಗಿಯಿತೆಂದು ಅಲ್ಲಿಗೆ ನಿಲ್ಲುತ್ತವೆಯೇ ಹೊರತು ಅವುಗಳಿಗೆ ನಿಲ್ಲುವ ಇರಾದೆಯಿಲ್ಲ. ಎದುರಿನ ಮೇಜಿನ ಈರಣ್ಣ ಸಂಡೂರಿನವನು, ನನ್ನ ಜೊತೆ ಸುದ್ದಿ ತಿದ್ದುವವನು. ಇಷ್ಟು ವರ್ಷ ನೋಡಿಯೂ ಅವನಿಗೆ ಸಮಾಧಾನವಿಲ್ಲ.

"ಏನ್ರಿ ಮೇಡಂ, ದಿನಾ ಅದನ್ನ ಒತ್ತೀರಿ. ಇವತ್ತೇನರ ಬ್ಯಾರೆ ಬಂತೇನು?"

ಬಂದಿಲ್ಲ ಎನ್ನುತ್ತೇನೆ. ಬಂದಿಲ್ಲ ಎನ್ನುವುದೇ ನನಗೆ ಖುಷಿ. ದಿನವಿಡೀ ಬದಲಾಗುವ ಸಂಗತಿಗಳನ್ನು ತಿದ್ದಿ ತಿದ್ದಿ ಇಟ್ಟವಳಿಗೆ, ಒಂದಾದರೂ ತಿದ್ದುವ ಅಗತ್ಯವಿಲ್ಲದ ಸಾಲು ಕಣ್ಣೆದುರು ಇದ್ದರೆ ಸಂಜೆ ತಂಪಾಗುತ್ತದೆ.

ಈ ಸಾಲನ್ನು ಮೊದಲು ತೋರಿಸಿದವರು ಅಪ್ಪ. ಅವರು ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮನೆ ಕಮಲಾಪುರದಲ್ಲಿ, ಕೆರೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂತು ಅಪ್ಪ ನನ್ನಿಂದ ಭಾಗಾಕಾರ ಮಾಡಿಸುತ್ತಿದ್ದರು. ಹತ್ತರಲ್ಲಿ ಏಳು ಒಂದು ಸಲ, ಉಳಿದದ್ದು ಮೂರು. ಮೂವತ್ತರಲ್ಲಿ ನಾಲ್ಕು ಸಲ, ಉಳಿದದ್ದು ಎರಡು. ಇಪ್ಪತ್ತರಲ್ಲಿ ಎರಡು, ಉಳಿದದ್ದು ಆರು. ನಾನು ಪಾಟಿಯ ತಳ ಮುಟ್ಟಿದ್ದೆ. ಲೆಕ್ಕ ತಳ ಮುಟ್ಟಿರಲಿಲ್ಲ. ಇನ್ನೊಂದು ಪಾಟಿ ಬೇಕೆಂದು ಅತ್ತಾಗ ಅಪ್ಪ ನಕ್ಕು, ಬೇಡ, ಉಳಿದದ್ದನ್ನಷ್ಟೇ ನೋಡು ಎಂದರು. ಮೂರು, ಎರಡು, ಆರು, ನಾಲ್ಕು, ಐದು, ಕೊನೆಗೆ ಒಂದು. ಏಳರಿಂದ ಭಾಗಿಸಿದರೆ ಉಳಿಯುವುದು ಏನಿದ್ದರೂ ಒಂದರಿಂದ ಆರರೊಳಗೆ. ಆ ಆರೂ ಮನೆ ತಿರುಗಿ ಮುಗಿದ ಮೇಲೆ ಅದು ಎಲ್ಲಿಗೆ ಹೋದೀತು? ಹೊರಟ ಮನೆಗೇ ಬರಬೇಕು.

ಅಪ್ಪ 'ಮನೆ' ಎಂದದ್ದು ಮಾತಿನ ಭರದಲ್ಲಿ. ನನಗೆ ಮಾತ್ರ ಆರು ಮನೆಗಳು ಕಣ್ಣ ಮುಂದೆಯೇ ಇದ್ದವು.

ನಮ್ಮ ಓಣಿ ಅಂಥದ್ದು. ಎಡಗಡೆ ಮೂರು ಮನೆ, ಬಲಗಡೆ ಮೂರು ಮನೆ, ಎಲ್ಲ ಒಂದೇ ಬಳಗ. ಓಣಿಯ ತುದಿಯಲ್ಲಿ, ಕೆರೆಯ ಗಾಳಿ ಮೊದಲು ತಾಗುವಲ್ಲಿ, ಹನುಮಂತ ದೇವರ ಒಂದು ಸಣ್ಣ ಗುಡಿ. ದೇವರಿಗೆ ದಿನವೂ ನೈವೇದ್ಯ ಒಂದೊಂದು ಮನೆಯದು. ಇವತ್ತು ಯಾರದು ಎಂದು ನೆನಪಿಡುವ ಗೋಜು ಯಾರಿಗೂ ಇರಲಿಲ್ಲ. ನೆನಪಿಡುತ್ತಿದ್ದದ್ದು ಒಂದು ಹಿತ್ತಾಳೆ ಡಬರಿ. ಅಗಲ ಬಾಯಿ, ಒಳಗೆ ಕಲಾಯಿ, ಹೊರಗೆ ಯಾವುದೋ ಕಾಲದಲ್ಲಿ ಬಿದ್ದ ಒಂದು ತಗ್ಗು. ಡಬರಿ ಯಾರ ಕಟ್ಟೆಯ ಮೇಲಿದೆಯೋ ಅವತ್ತು ಅವರ ಪಾಳಿ. ಅವರು ಅದರಲ್ಲಿ ಮಾಡಿ, ಗುಡಿಗೆ ಕೊಟ್ಟು, ತಿರುಗಿ ಬಂದದ್ದನ್ನು ತೊಳೆದು, ಸಂಜೆ ಮುಂದಿನ ಮನೆಯ ಕಟ್ಟೆಗೆ ಇಡಬೇಕು. ಎಡಸಾಲು ಮುಗಿದರೆ ಮತ್ತೆ ಓಣಿಯ ಬಾಯಿಗೆ ಬಂದು ಬಲಸಾಲು. ಡಬರಿ ಯಾವ ಮನೆಯನ್ನೂ ದಾಟುವಂತಿಲ್ಲ, ಯಾವ ಮನೆಯಲ್ಲೂ ಎರಡು ದಿನ ನಿಲ್ಲುವಂತಿಲ್ಲ. ಮನೆಯವರು ಊರಲ್ಲಿಲ್ಲದಿದ್ದರೆ, ಮೈಲಿಗೆಯಿದ್ದರೆ, ಅರ್ಚಕ ಗುಂಡಾಚಾರ್ಯರು ಆ ಮನೆಯ ಹೆಸರಲ್ಲಿ ತಮ್ಮ ಮನೆಯಲ್ಲೇ ಮಾಡಿಸಿ ಡಬರಿಯನ್ನು ಮುಂದಕ್ಕೆ ಸಾಗಿಸುತ್ತಿದ್ದರು. ಏಕಾದಶಿಗೆ ಒಲೆ ಹಚ್ಚುವಂತಿಲ್ಲ. ಅವತ್ತು ಬರೀ ತುಳಸಿ ನೀರು ತುಂಬಿಕೊಂಡು ಹೋಗಿ ಬಂದು ಡಬರಿ ತನ್ನ ಸರದಿ ತೀರಿಸುತ್ತಿತ್ತು.

ಅಪ್ಪನ ಭಾಗಾಕಾರ ಕಲಿತ ಮೇಲೆ ಈ ಮನೆಗಳಿಗೆ ನಾನು ಅಂಕಿ ಹಂಚಿದೆ. ಎಡಸಾಲಿನ ಮೊದಲ ಮನೆ ನಮ್ಮದು, ಒಂದು. ಆಮೇಲೆ ನಾಲ್ಕು, ಎರಡು. ಬಲಸಾಲಿನಲ್ಲಿ ನಮ್ಮ ಎದುರಿಗಿದ್ದ ಮೂಲೆಮನೆ, ರಮಾಬಾಯಿ ಅಜ್ಜಿಯದು, ಎಂಟು. ಅದರಾಚೆ ಐದು, ಏಳು. ಹಂಚಿ ನೋಡಿದರೆ ಒಂದು ಸೋಜಿಗ. ಎದುರುಬದುರಿನ ಎರಡು ಮನೆ ಕೂಡಿಸಿದರೆ ಒಂಬತ್ತು. ಒಂದು ಮತ್ತು ಎಂಟು, ನಾಲ್ಕು ಮತ್ತು ಐದು, ಎರಡು ಮತ್ತು ಏಳು. ಏಳರಲ್ಲಿ ಎರಡು ಭಾಗ ತೆಗೆದರೆ ಅದೇ ಅಂಕಿಗಳು, ಆದರೆ ಡಬರಿ ಹೊರಟದ್ದು ಎರಡರ ಮನೆಯಿಂದ: ಎರಡು, ಎಂಟು, ಐದು, ಏಳು, ಒಂದು, ನಾಲ್ಕು. ಮೂರು ಭಾಗ ತೆಗೆದರೆ ನಾಲ್ಕರ ಮನೆಯಿಂದ. ಯಾವ ಮನೆಯಿಂದ ಹೊರಟರೂ ಓಣಿ ಅದೇ, ಸಾಲು ಅದೇ. ಇದು ಕಂಡ ದಿನ ನಾನು ಊಟ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದೆ. ಜಗತ್ತನ್ನು ಮಾಡಿದವನು ಮೊದಲು ನಮ್ಮ ಓಣಿ ಮಾಡಿ, ಅದನ್ನು ನೋಡಿಕೊಂಡು ಏಳನ್ನು ಮಾಡಿರಬೇಕು ಎಂದು ನನಗೆ ಬಲವಾಗಿ ಅನ್ನಿಸಿತ್ತು. ಈಗಲೂ ಆ ವರದಿಯನ್ನು ಪೂರ್ತಿ ಅಲ್ಲಗಳೆಯಲು ಮನಸ್ಸಿಲ್ಲ.

ಆಮೇಲೆ ಬೇರೆ ಊರುಗಳೂ ಸಿಕ್ಕವು. ಮೂರಕ್ಕೆ ಒಂದೇ ಮನೆ; ಮೂರು, ಮೂರು, ಮೂರು ಎಂದು ಒಬ್ಬನೇ ಜಪ ಮಾಡುತ್ತ ಕೂತಿರುವ ಮುದುಕ. ಹನ್ನೊಂದಕ್ಕೆ ಎರಡು ಮನೆ, ಸೊನ್ನೆ ಮತ್ತು ಒಂಬತ್ತು. ಹದಿಮೂರರ ಊರಲ್ಲಿ ಎರಡು ಓಣಿ. ಹದಿಮೂರರಲ್ಲಿ ಒಂದು ಭಾಗ ಕೇಳಿದರೆ ಒಂದು ಓಣಿಯ ಆರು ಅಂಕಿ ಬರುತ್ತವೆ, ಎರಡು ಭಾಗ ಕೇಳಿದರೆ ಇನ್ನೊಂದು ಓಣಿಯವು. ಒಂದು ಓಣಿಯ ಡಬರಿ ಇನ್ನೊಂದಕ್ಕೆ ಎಂದೂ ಹೋಗದು. ಯಾವುದೋ ಹಳೆಯ ಮುನಿಸಿರಬೇಕು ಎಂದುಕೊಂಡಿದ್ದೆ. ಹದಿನೇಳು ಮಾತ್ರ ದೊಡ್ಡ ಪೇಟೆ, ಹದಿನಾರು ಮನೆ ಸುತ್ತಿ ಬರುವಷ್ಟರಲ್ಲಿ ಪಾಟಿ ಎರಡು ಸಲ ಒರೆಸಬೇಕು. ಇವೆಲ್ಲ ಯಾರಿಂದಲೂ ಸರಿಪಾಲಾಗದ ಸಂಖ್ಯೆಗಳು. ಶಾಲೆಯಲ್ಲಿ ಅವಿಭಾಜ್ಯ ಎಂದು ಹೆಸರು ಹೇಳಿಕೊಟ್ಟರು. ನನಗೆ ಆ ಹೆಸರಿಗಿಂತ ಊರುಗಳೇ ಹೆಚ್ಚು ಪರಿಚಯ.

ಹೆದ್ದಾರಿಯಲ್ಲಿ ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಬಂದರೆ ನಾನು ಬಸ್ಸಿನ ಕಿಟಕಿಯಿಂದ ಅವುಗಳ ನಂಬರು ಓದಿ ಏಳರಿಂದ ಭಾಗಿಸುತ್ತಿದ್ದೆ. ಹಂಪಿಗೆ ನೆಂಟರನ್ನು ಕರೆದೊಯ್ದರೆ ಅವರು ಗೋಪುರ ನೋಡುವಾಗ ನಾನು ಗುಡಿಯ ಹೊರಗೋಡೆಯ ಕಲ್ಲಿನಲ್ಲಿ ಸಾಲಾಗಿ ಹೊರಟ ಆನೆ, ಕುದುರೆಗಳ ಹಿಂದೆ ನಡೆಯುತ್ತಿದ್ದೆ. ಗೋಡೆ ಸುತ್ತಿ ಬಂದಾಗ ಮೊದಲು ಕಂಡ ಆನೆಯೇ ಮತ್ತೆ ಎದುರಾಗುತ್ತದೆ ಎನ್ನುವ ನಂಬಿಕೆ. ಯಾವ ಆನೆ ಮೊದಲು ಕಂಡದ್ದು ಎನ್ನುವುದು ಮಾತ್ರ ಪ್ರತಿ ಸಲ ಮರೆತಿರುತ್ತಿತ್ತು.

ಇಷ್ಟು ಹೇಳಿ ಪದ್ಮಾ ಕಾಕುವಿನ ಮಾತಿಗೆ ಬರದಿದ್ದರೆ ಈ ಅಂಕಿಗಳಿಗೆ ಅರ್ಥವಿಲ್ಲ. ಕಾಕು ಎಂದರೆ ನಮ್ಮ ಕಾಕಾನ, ಅಂದರೆ ಅಪ್ಪನ ತಮ್ಮನ, ಹೆಂಡತಿ. ಮದುವೆಯಾಗಿ ನಮ್ಮ ಮನೆಗೇ ಬಂದವಳು. ತವರಿನಲ್ಲಿ ಅಡಿಗೆಗೆ ಹೆಸರಾದವಳಂತೆ. ಆದರೆ ನಮ್ಮ ಮನೆಯ ಪಾಳಿ ಬಂದಾಗ ಒಲೆಯ ಮುಂದೆ ಕೂರುವುದು ಅಜ್ಜಿಯ ಹಕ್ಕು, ಅಜ್ಜಿಯ ನಂತರ ಅಮ್ಮನದು. ಕಾಕು ಬೇಳೆ ಆರಿಸುವಳು, ಕೊಬ್ಬರಿ ತುರಿಯುವಳು. ಡಬರಿಯೊಳಗೆ ಸೌಟು ಹಾಕಿದವಳಲ್ಲ.

ಅವಳ ಕಣ್ಣು ಶನಿವಾರದ ಮೇಲಿತ್ತು. ಹನುಮಂತ ದೇವರಿಗೆ ಶನಿವಾರ ಎಂದರೆ ನಿಮಗೆ ಗೊತ್ತೇ ಇದೆ. ಉಳಿದ ದಿನ ಗುಡಿಯಲ್ಲಿ ನಾಲ್ಕು ಮುದುಕರು, ಒಂದು ಆಡು. ಶನಿವಾರ ಹೊಸಪೇಟೆಯ ಅಂಗಡಿಯವರು, ಗಾದಿಗನೂರಿನ ಗಣಿ ಕೆಲಸದವರು, ಸಂಡೂರಿನ ಲಾರಿ ಡ್ರೈವರುಗಳು ಎಲ್ಲ ಬಂದು ಕೆರೆಯ ಏರಿಯ ತನಕ ಸಾಲು ನಿಲ್ಲುತ್ತಿದ್ದರು. ಅವತ್ತು ಡಬರಿ ಯಾರದೋ ಅವರ ಕೈರುಚಿ ಮೂರು ತಾಲ್ಲೂಕು ಮುಟ್ಟುತ್ತಿತ್ತು.

ಆರು ಮನೆಯಿದ್ದಾಗ ಶನಿವಾರ ತಾನೂ ಡಬರಿಯಂತೆ ಓಣಿಯಲ್ಲಿ ನಡೆಯುತ್ತಿತ್ತು. ವಾರಕ್ಕೆ ಏಳು ದಿನ, ಮನೆ ಆರು; ಒಂದು ಸುತ್ತು ಮುಗಿದು ಒಂದು ದಿನ ಉಳಿಯುತ್ತದೆ. ಹಾಗಾಗಿ ಈ ಶನಿವಾರ ಒಬ್ಬರದಾದರೆ ಮುಂದಿನ ಶನಿವಾರ ಅವರ ಪಕ್ಕದ ಮನೆಯದು. ಯಾರೂ ಲೆಕ್ಕ ಹಾಕಿರಲಿಲ್ಲ, ಎಲ್ಲರಿಗೂ ಸಿಗುತ್ತಿತ್ತು.

ಒಂದು ಮಳೆಗಾಲ ಅಜ್ಜಿ ತೀರಿಕೊಂಡ ಮೇಲೆ ಕಾಕಾ ಮತ್ತು ಅಪ್ಪ ಜಗಳವಿಲ್ಲದೆ ಒಲೆ ಬೇರೆ ಮಾಡಿದರು. ಜಗಳವಿಲ್ಲದ್ದಕ್ಕೆ ಕಾರಣ, ಕೇಳಿದವಳು ಕಾಕು ಒಬ್ಬಳೇ, ಅವಳು ಕೇಳಿದ್ದು ಒಲೆ ಒಂದನ್ನೇ. ಮನೆಯ ಹಿಂಭಾಗಕ್ಕೆ ಇನ್ನೊಂದು ಬಾಗಿಲು ಬಂತು, ಬಾಗಿಲಿಗೊಂದು ಕಟ್ಟೆ ಬಂತು. ಓಣಿಯ ಹಿರಿಯರು ಕೂತು, ಒಲೆ ಬೇರೆಯಾದರೆ ಪಾಳಿಯೂ ಬೇರೆ, ಡಬರಿ ನಮ್ಮ ಮನೆಯ ಮರುದಿನ ಕಾಕುವಿನ ಮನೆಗೆ ಎಂದು ತೀರ್ಮಾನ ಹೇಳಿದರು. ಅವತ್ತು ಕಾಕು ಹಬ್ಬದ ಹಾಗೆ ಓಡಾಡಿದಳು. ನಾನು ಪಾಟಿ ಹಿಡಿದು ಅವಳ ಹೊಸ ಕಟ್ಟೆಯ ಮೇಲೆ ಕೂತಿದ್ದೆ. ನನ್ನ ಸಮಸ್ಯೆ ಬೇರೆಯೇ ಇತ್ತು. ಏಳರ ಸಾಲಿನಲ್ಲಿ ಆರೇ ಅಂಕಿ. ಅವಳ ಮನೆಗೆ ಅಂಕಿಯೇ ಉಳಿದಿರಲಿಲ್ಲ. ಹಾಗೆಂದು ಹೇಳಿದೆ.

ಕಾಕು ಪಾಟಿಯನ್ನು ಓರೆ ಮಾಡಿ ನೋಡಿದಳು. "ಈ ಮುಂದ ನಿಂತದಲ್ಲ ಸೊನ್ನಿ, ಇದು ಯಾರದು?"

"ಯಾರದೂ ಅಲ್ಲ."

"ಹಂಗಾರ ಅದು ನಂದು ಇರಲಿ ಬಿಡು. ಎಲ್ಲಾರಕಿಂತ ಮೊದಲು ನಿಂತದ, ಪಾಪ, ಏನೂ ಕೇಳವಲ್ದು."

ಕೇಳದೆ ನಿಂತ ಸೊನ್ನೆಯ ಹಾಗೆಯೇ ಆಯಿತು ಅವಳ ಕಥೆ. ಆ ಶನಿವಾರ ಡಬರಿ ಮೂಲೆಮನೆಯ ರಮಾಬಾಯಿ ಅಜ್ಜಿಯ ಕಟ್ಟೆಯಲ್ಲಿತ್ತು. ಮುಂದಿನ ಶನಿವಾರವೂ ಅಲ್ಲೇ. ಅದರ ಮುಂದಿನದೂ ಅಲ್ಲೇ. ಏಳು ದಿನಕ್ಕೆ ಏಳು ಮನೆಯಾದ ಮೇಲೆ ಉಳಿಯುವುದೇನಿದೆ? ಡಬರಿ ದಿನವೂ ನಡೆಯುತ್ತಿತ್ತು, ಶನಿವಾರ ಮಾತ್ರ ಮೂಲೆಮನೆಯಲ್ಲಿ ಕೂತುಬಿಟ್ಟಿತು. ಕಾಕುವಿಗೆ ಬುಧವಾರ ಬಂತು. ಬುಧವಾರವೇ ಬರುತ್ತ ಹೋಯಿತು.

ಇದಕ್ಕೆ ಓಣಿ ಕೊಟ್ಟುಕೊಂಡ ಕಾರಣ ಸರಳ: ದೇವರಿಗೆ ರಮಾಬಾಯಿಯ ಚಿತ್ರಾನ್ನ ಹಿಡಿಸಿದೆ. ಪಾಳಿ ಯಾರೂ ತಪ್ಪಿಸಿಲ್ಲ, ಡಬರಿ ಯಾರೂ ಹಿಡಿದಿಟ್ಟಿಲ್ಲ. ಆದರೂ ಶನಿವಾರ ಅಲ್ಲೇ ನಿಂತಿದೆಯೆಂದರೆ ನಿಲ್ಲಿಸಿದವನು ಅವನೇ ಇರಬೇಕು. ಪಾಟಿ ಹಿಡಿದು ತಿರುಗುತ್ತಿದ್ದ ನನಗೂ ಅಸಲು ಕಾರಣ ಹೊಳೆಯಲಿಲ್ಲ. ನಾನು ಅಂಕಿಗಳ ಓಣಿಯಲ್ಲಿದ್ದೆ. ಮನೆಗಳ ಓಣಿಯನ್ನು ನೋಡಿಕೊಳ್ಳಲು ದೊಡ್ಡವರಿದ್ದರಲ್ಲ.

ಕಾಕು ಬುಧವಾರಗಳನ್ನು ಕಡೆಗಣಿಸಲಿಲ್ಲ. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಗಸಗಸೆ, ತುಪ್ಪ ಹಾಕಿ ಹಯಗ್ರೀವ ಮಾಡುತ್ತಿದ್ದಳು. ದೇವರಿಗೆ ಮೊದಲು ತಾನು ರುಚಿ ನೋಡುವಂತಿಲ್ಲವಾದ್ದರಿಂದ ಮೂಗಿನಿಂದಲೇ ಹದ ನೋಡುವಳು. ಬೆಲ್ಲ ಬೇಳೆಗೆ ಹಿಡಿದ ಗಳಿಗೆ ಘಮ ಓಣಿ ದಾಟಿ ಬಾಳೆತೋಟದವರೆಗೆ ಹೋಗುತ್ತಿತ್ತು. ಆದರೆ ಗುಡಿಯಲ್ಲಿ ಆ ನಾಲ್ಕು ಮುದುಕರು, ಸಕ್ಕರೆ ಕಾಯಿಲೆಯಿಂದ ಅವರಲ್ಲಿ ಇಬ್ಬರು ಕೈ ಚಾಚುತ್ತಿರಲಿಲ್ಲ. ಡಬರಿ ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡೇ ತಿರುಗಿ ಬರುತ್ತಿತ್ತು. ಕಾಕು ಅದನ್ನು ನಮ್ಮ ಮನೆಗೆ, ಅಕ್ಕಪಕ್ಕಕ್ಕೆ ಕೊಟ್ಟು, ಉಳಿದದ್ದನ್ನು ನನ್ನ ಮುಂದಿಟ್ಟು, "ತಿನ್ನವ್ವ, ಇನ್ನ ಭಾಳ ಅದ," ಎನ್ನುವಳು. ನನ್ನ ಬಾಲ್ಯದ ಸುಖಗಳಲ್ಲಿ ದೊಡ್ಡದು ಆ 'ಇನ್ನ ಭಾಳ ಅದ'. ಹೇಳುವಾಗ ಅವಳ ದನಿ ಯಾಕೆ ಇಳಿಯುತ್ತಿತ್ತು ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಆಮೇಲೆ ನಾನು ಹೊಸಪೇಟೆಗೆ ಬಂದೆ, ಪತ್ರಿಕೆ ಸೇರಿದೆ. ಓಣಿಯಲ್ಲಿ ಒಂದೆರಡು ಮನೆಗೆ ಬೀಗ ಬಿತ್ತು. ಆ ಮನೆಗಳ ಪಾಳಿಯನ್ನು ಗುಂಡಾಚಾರ್ಯರು ನಡೆಸಿಕೊಂಡು ಬಂದರು. ಶನಿವಾರ ಕೂತಲ್ಲಿಂದ ಏಳಲಿಲ್ಲ.

ಅದು ಯಾಕೆ ಕೂತಿತು ಎನ್ನುವುದು ನನಗೆ ಗೊತ್ತಾದದ್ದು ಈಚೆಗೆ, ಅದೂ ಈರಣ್ಣನಿಂದ. ನಮ್ಮ ಕಚೇರಿಯಲ್ಲಿ ಕೊನೆಯ ಪುಟ ಕಳಿಸುವ ತನಕ ಒಬ್ಬರು ಉಳಿಯಬೇಕು, ಅದು ಸರದಿಯ ಮೇಲೆ. ಏಳು ಜನ ಇದ್ದೆವು. ಈರಣ್ಣನಿಗೆ ಯಾವಾಗಲೂ ಶನಿವಾರ ಬರುತ್ತಿತ್ತು. ಸಂಡೂರಿನ ಬಸ್ಸು ತಪ್ಪಿ ಅವನ ಭಾನುವಾರವೂ ಅರ್ಧ ಹಾಳಾಗುತ್ತಿತ್ತು. ಹಣೆಬರಹ ಎಂದು ಅವನು, ಸರದಿ ಎಂದರೆ ಸರದಿ ಎಂದು ನಾವು. ಒಂದು ದಿನ ಬಳ್ಳಾರಿ ಕಚೇರಿಯಿಂದ ಒಬ್ಬರು ವರ್ಗವಾಗಿ ಬಂದು ಎಂಟು ಜನರಾದೆವು. ಕೆಲವು ವಾರ ಕಳೆದ ಮೇಲೆ ಈರಣ್ಣ ಚಹದ ಲೋಟ ಹಿಡಿದು ನನ್ನ ಮೇಜಿಗೆ ಬಂದ.

"ಮೇಡಂ, ಒಂದು ಮಜಾ ನೋಡ್ರಿ. ನನ್ನ ಶನಿವಾರ ಬಿಟ್ಟು ಹೊಂಟೈತಿ. ಮೊದಲು ನನ್ನ ಹಿಂದಿನಾಂವಗ ಹೋತು, ಈಗ ಅವನ ಹಿಂದಿನಾಂವಗ. ಹಿಂದಕ್ಕ ಹಿಂದಕ್ಕ ನಡದೈತಿ."

ನಾನು ಕ್ಯಾಲ್ಕುಲೇಟರು ಕೆಳಗಿಟ್ಟೆ. ಅವನು ಹೇಳಿದ್ದು ಕಚೇರಿಯ ಮಾತು, ನನಗೆ ಕಂಡದ್ದು ನಮ್ಮ ಓಣಿ. ಎಂಟು ಮನೆಯಾದರೆ ಏಳು ದಿನಕ್ಕೆ ಸುತ್ತು ಮುಗಿಯದು, ಒಂದು ಮನೆ ಉಳಿದುಬಿಡುತ್ತದೆ. ಶನಿವಾರ ಒಂದೊಂದೇ ಮನೆ ಹಿಂದಕ್ಕೆ ಬರುತ್ತದೆ. ಶುಕ್ರವಾರದವರಿಗೆ, ಆಮೇಲೆ ಗುರುವಾರದವರಿಗೆ, ಆಮೇಲೆ ಬುಧವಾರದವರಿಗೆ. ಬುಧವಾರದವಳು ಕಾಕು.

ಭಿನ್ನರಾಶಿಯಲ್ಲಿ ಏಳು ನಿಲ್ಲದೆ ತಿರುಗುತ್ತದೆ. ಎಂಟರಿಂದ ಭಾಗಿಸಿ ನೋಡಿ, ಮೂರು ಅಂಕಿಗೆ ಮುಗಿದುಹೋಗುತ್ತದೆ. ನಮ್ಮ ಓಣಿಯಲ್ಲಿ ಅದೇ ತಿರುವುಮುರುವು. ಏಳಕ್ಕೆ ನಿಂತಿತ್ತು, ಎಂಟಾದರೆ ನಡೆಯಬೇಕು. ಏಳು ಅವಿಭಾಜ್ಯ, ಬೇರೆ ಯಾವ ಸಂಖ್ಯೆಗೂ ಹೊಂದಿಕೊಳ್ಳುವ ಸ್ವಭಾವ ಅದರದಲ್ಲ. ಹೊಂದಿಕೊಳ್ಳದೆ ಇರುವುದರಿಂದಲೇ ಅದು ಎಲ್ಲರ ಮನೆಗೂ ಹೋಗಿಬರುತ್ತದೆ. ಐದಿರಲಿ, ಆರಿರಲಿ, ಎಂಟಿರಲಿ, ಯಾರನ್ನೂ ಬಿಡದು. ತನ್ನಂಥದೇ ಇನ್ನೊಂದು ಏಳು ಸಿಕ್ಕಾಗ ಮಾತ್ರ ಮಾತಿಗೆ ಕೂತು ಮನೆ ಮರೆಯುತ್ತದೆ. ಅವತ್ತು ಜಲಾಶಯದ ಮಟ್ಟ ಫೋನಿನಲ್ಲಿ ಬಂದಾಗ ನಾನು ಎರಡು ಸಲ ಹೇಳಿಸಿಕೊಳ್ಳಬೇಕಾಯಿತು.

ರಜೆಯ ದಿನ ಕಮಲಾಪುರಕ್ಕೆ ಹೋಗಿ ಕಾಕುವಿನ ಕಟ್ಟೆಯ ಮೇಲೆ ಕಡಲೆಬೇಳೆ ಇಟ್ಟು ತೋರಿಸಿದೆ. ಅಮ್ಮನೂ ಬಂದು ಕೂತಳು. ಮನೆಗೊಂದು ಬೇಳೆ, ಶನಿವಾರಕ್ಕೊಂದು ಬೆಲ್ಲದ ಚೂರು. ಏಳು ಬೇಳೆಯಿದ್ದಾಗ ಬೆಲ್ಲ ನಿಂತಲ್ಲೇ ನಿಂತಿತು. ಕಾಕು ಮತ್ತೆ ಮಾಡು ಎಂದಳು. ಮತ್ತೆ ಮಾಡಿದೆ. ಅವಳ ತಲೆಯಲ್ಲಿ ಆಗಲೇ ನರೆ ಹೆಚ್ಚಾಗಿತ್ತು. ಕೈ ಮಾತ್ರ ಬೇಳೆ ಆರಿಸುವಷ್ಟೇ ಚುರುಕಾಗಿ ಒಂದು ಬೇಳೆಯನ್ನು ಎತ್ತಿ ಹಿಡಿಯಿತು. ಏಳನೆಯದು, ಅವಳದೇ.

"ಅಂದ್ರ ಶನಿವಾರ ನಿಲ್ಲಿಸಿದಾಕಿ ನಾನ ಅಂದಂಗಾತು," ಎಂದಳು.

ಅಮ್ಮ ಮೆಲ್ಲಗೆ, ಹಾಗಿದ್ದರೆ ಎರಡು ಒಲೆ ಕೂಡಿಸಿಬಿಡೋಣ, ಮೊದಲಿನಂತೆ ಆರಾಗುತ್ತದೆ ಎಂದಳು. ಕಾಕು ಬೇಳೆಯನ್ನು ಕೆಳಗಿಡಲಿಲ್ಲ.

"ಕೂಡಿಸಿದ್ರ ಶನಿವಾರ ಬರ್ತದ ವೈನಿ, ಖರೆ. ಆದ್ರ ನಾ ಮತ್ತ ಬ್ಯಾಳಿ ಆರ್ಸಾಕಿ ಆಗ್ತೀನಿ."

ಆರು ಬೇಡವೆಂದರೆ ಎಂಟೇ ಆಗಬೇಕು. ಎಂಟನೆಯ ಬೇಳೆ ಎಲ್ಲಿಂದ ತರುವುದೆಂದು ಮೂವರೂ ಓಣಿಯುದ್ದಕ್ಕೂ ನೋಡುತ್ತ ಕೂತೆವು. ಆಗ ಗುಡಿಯ ಕಡೆಯಿಂದ ಅರ್ಚಕರ ಹೆಂಡತಿ ತುಳಸಕ್ಕ ಡಬರಿ ಹಿಡಿದು ಬರುತ್ತಿದ್ದಳು. ಬೀಗ ಬಿದ್ದ ಮನೆಯೊಂದರ ಪಾಳಿ ಅವತ್ತು. ಬೇಯಿಸಿದವಳು ಅವಳು, ಹೆಸರು ಆ ಮನೆಯದು. ಎಲ್ಲರ ಹೆಸರಲ್ಲೂ ಬೇಯಿಸಿದ ತುಳಸಕ್ಕನ ಸ್ವಂತ ಒಲೆಗೆ ಪಾಳಿಯೇ ಇರಲಿಲ್ಲ. ಕೊಡುವವರು ಬೇರೆ, ದೇವರ ಮುಂದೆ ಇಡುವವರು ಬೇರೆ ಎನ್ನುವುದು ಓಣಿಯ ಕಟ್ಟಳೆ. ಕಾಕು ಒಂದು ಬೇಳೆ ತೆಗೆದು ಸಾಲಿನ ತುದಿಗೆ ಇಟ್ಟಳು. ಬೆಲ್ಲದ ಚೂರನ್ನು ನಾನು ಮುಟ್ಟುವ ಮೊದಲೇ ಅವಳು ಸರಿಸಿ ನೋಡಿದಳು.

ನಾನು ಒಂದು ಉಪಾಯ ಹೇಳಿದೆ: ಶನಿವಾರದ ಮಾತೇ ಎತ್ತುವುದು ಬೇಡ, ತುಳಸಕ್ಕನಿಗೊಂದು ಪಾಳಿ ಕೊಡಿ ಎಂದಷ್ಟೇ ಕೇಳೋಣ, ಉಳಿದದ್ದು ತಾನೇ ಆಗುತ್ತದೆ. ಕಾಕು ಒಪ್ಪಲಿಲ್ಲ. ರಮಾಬಾಯಿ ಅಜ್ಜಿಯ ಕೈಯಿಂದ ಕಸಿದುಕೊಂಡ ಹಾಗೆ ಆಗಬಾರದು ಎಂದಳು. ಸೆರಗು ಸರಿಮಾಡಿಕೊಂಡು ನೇರ ಎದುರಿನ ಮೂಲೆಮನೆಗೆ ನಡೆದಳು. ಇಷ್ಟು ವರ್ಷ ಬಾಯಿಬಿಟ್ಟು ಕೇಳದವಳು ಹೀಗೆ ನಡೆದದ್ದು ನೋಡಿ ನಾನೂ ಅಮ್ಮನೂ ಹಿಂದೆಯೇ ಹೋದೆವು.

ರಮಾಬಾಯಿ ಅಜ್ಜಿ ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕಾಕು ಎಲ್ಲವನ್ನೂ ಮುಚ್ಚಿಡದೆ ಹೇಳಿದಳು: ಶನಿವಾರ ನಿಂತದ್ದು ತನ್ನ ಒಲೆಯಿಂದ, ತುಳಸಕ್ಕ ಸೇರಿದರೆ ಅದು ಇವರ ಮನೆ ಬಿಡುತ್ತದೆ, ಮೂರನೆಯ ವಾರ ತನಗೆ ಬರುತ್ತದೆ, ತನಗೆ ಬೇಕಾಗಿದೆ. ಅಜ್ಜಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನಿಲ್ಲಿಸಿದಾಂವ ಅಂವ ಅಲ್ಲೇನು ಹಂಗಾರ?" ಎಂದು ಗುಡಿಯ ಕಡೆ ಮುಖ ಮಾಡಿ ಕೇಳಿದರು. ಅಲ್ಲ ಎಂದೆ, ಲೆಕ್ಕ ಎಂದೆ.

"ದೇವರು ನಿಲ್ಲಿಸ್ಯಾನ ಅಂದ್ರಿ, ನಾನೂ ಹೌದಂದೆ. ಹೌದಂದ ಮ್ಯಾಲೆ ಮೊಣಕಾಲು ನೋಯ್ತಾವ ಅಂತ ಯಾ ಬಾಯಿಲೆ ಅನ್ನಲಿ? ಕಂಪ್ಲ್ಯಾಗ ತಂಗಿ ಮನಿಯಾಗ ಎಷ್ಟ್ ಮುಂಜಿವಿ ಆದ್ವು, ಮದವಿ ಆದ್ವು. ಎಲ್ಲಾ ಶನಿವಾರ, ಐತವಾರ. ಒಂದಕ್ಕೂ ಹೋಗಲಿಲ್ಲ ನಾ." ಆಮೇಲೆ ಕಾಕುವಿನ ಕಡೆ ತಿರುಗಿ, "ನೀ ಜಲ್ದಿ ಬರೂದಲ್ಲೇನ ಪದ್ಮಾ," ಎಂದರು.

ಅಜ್ಜಿಯೇ ಹೇಳಿದ ಮೇಲೆ ಓಣಿಯ ಹಿರಿಯರಲ್ಲಿ ತಕರಾರು ಉಳಿಯಲಿಲ್ಲ. ಬಲಸಾಲಿನ ಕೊನೆಯ ಮನೆಯಿಂದ ಒಂದು ಸಂಜೆ ಡಬರಿ, ನಮ್ಮ ಕಟ್ಟೆಗೆ ಬರುವ ಬದಲು, ಗುಂಡಾಚಾರ್ಯರ ಕಟ್ಟೆಗೆ ಹೋಯಿತು. ಮರುದಿನ ತುಳಸಕ್ಕ ತನ್ನ ಹೆಸರಲ್ಲಿ ಏನು ಮಾಡಬೇಕೆಂದು ತಿಳಿಯದೆ, ಎರಡು ಬಗೆ ಮಾಡಿದಳಂತೆ. ಆ ವಾರ ಶನಿವಾರವು ಮೂಲೆಮನೆಯಿಂದ ಎದ್ದು ಶುಕ್ರವಾರದವರ ಮನೆಗೆ ಬಂತು. ರಮಾಬಾಯಿ ಅಜ್ಜಿ ಕಂಪ್ಲಿಗೆ ಹೋದರು. ಅಲ್ಲಿ ಮದುವೆಯೇನೂ ಇರಲಿಲ್ಲ. ಸುಮ್ಮನೆ ಹೋದರು, ಹೊಳೆ ನೋಡಿಕೊಂಡು ಬಂದೆ ಎಂದರು. ಅದರ ಮುಂದಿನ ವಾರ ಶನಿವಾರ ಇನ್ನೊಂದು ಮನೆ ಹಿಂದೆ ಸರಿಯಿತು. ಕಾಕು ಗಸಗಸೆ ಹುರಿದು ಡಬ್ಬಿಯಲ್ಲಿಟ್ಟಳು.

ಮೂರನೆಯ ಶನಿವಾರ ನಾನು ಬೆಳಗಿನ ಬಸ್ಸಿಗೇ ಹೋದೆ. ಕಾಕು ಮಡಿಯಲ್ಲಿದ್ದಳು, ಮಾತಾಡಿಸಲಿಲ್ಲ. ಒಲೆಯ ಮುಂದೆ ಕಣ್ಣು ಮುಚ್ಚಿ ಕೂತು ಘಮ ತೆಗೆದುಕೊಳ್ಳುತ್ತಿದ್ದಳು. ಬೆಲ್ಲ ಬೇಳೆಗೆ ಹಿಡಿದ ಗಳಿಗೆ ಅವಳ ಹುಬ್ಬು ಸಡಿಲವಾದದ್ದು ಕಂಡಿತು. ಡಬರಿ ಗುಡಿಗೆ ಹೋಯಿತು. ನಾನು ಎಲ್ಲರಂತೆ ಸಾಲಿನಲ್ಲಿ ನಿಂತೆ. ಸಾಲು ಏರಿಯ ತನಕ ಇತ್ತು. ಕೆರೆಯ ನೀರು ಬಿಸಿಲಿಗೆ ಅಲುಗದೆ ಮಲಗಿತ್ತು. ಮುಂದಿನಿಂದ ಬಾಳೆ ಎಲೆಯ ಚೂರು ಹಿಡಿದು ಬಂದವರು ಬೆರಳು ನೆಕ್ಕುತ್ತ ನಿಂತಿದ್ದರು. ಕೆಂಪು ಧೂಳಿನ ಅಂಗಿ ತೊಟ್ಟ ಒಬ್ಬ ಡ್ರೈವರು ತಿಂದು ಮುಗಿಸಿ ಮತ್ತೆ ಸಾಲಿನ ಹಿಂದೆ ಬಂದು, ನನ್ನ ಬೆನ್ನಿಗೇ, ನಿಂತ. ಯಾರ ಮನೆಯದು ಇವತ್ತು ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ, ಹೊಸಬರದು ಇರಬೇಕು ಎಂದು ಇನ್ನೊಬ್ಬರು. ಸಾಲು ಸರಿಯುತ್ತ ಸರಿಯುತ್ತ ನನ್ನ ಮುಂದೆ ಮೂರೋ ನಾಲ್ಕೋ ಜನ ಉಳಿದಾಗ ಗುಂಡಾಚಾರ್ಯರ ಸೌಟು ತಳಕ್ಕೆ ತಾಗಿದ ಸದ್ದು ಕೇಳಿತು. ಅವರು ಡಬರಿಯನ್ನು ಓರೆ ಮಾಡಿ ನಮಗೆಲ್ಲ ತೋರಿಸಿ, ಮುಗೀತ್ರಿ ಎಂದರು.

ಡಬರಿಯನ್ನು ಕಾಕುವಿನ ಮನೆಗೆ ನಾನೇ ತಂದೆ. ಅಷ್ಟು ಹಗುರವಾಗಿ ಅದು ಆ ಮನೆಗೆ ಯಾವತ್ತೂ ಬಂದಿರಲಿಲ್ಲ. ಕಾಕು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಕೈಗೆ ತೆಗೆದುಕೊಂಡು ಒಳಗೆ ನೋಡಿದಳು. ಕಲಾಯಿಯ ಮೇಲೆ ಸೌಟಿನ ಗೆರೆಗಳು ಬಿಟ್ಟರೆ ಏನೂ ಇರಲಿಲ್ಲ.

"ಹೆಂಗಾಗಿತ್ತು ಸುಮೀ?" ಎಂದು ಕೇಳಿದಳು. ಅವಳು ರುಚಿ ನೋಡಿರಲಿಲ್ಲ. ಇನ್ನು ನೋಡುವಂತೆಯೂ ಇರಲಿಲ್ಲ.

ಚೆನ್ನಾಗಿತ್ತು ಎನ್ನಬಹುದಿತ್ತು. ಆದರೆ ನಾನು ಕಣ್ಣಾರೆ ಕಾಣದ್ದನ್ನು ಬರೆಯದ ಕೆಲಸದವಳು, ನಾಲಿಗೆಗೂ ಅದೇ ಅಭ್ಯಾಸ.

"ಗೊತ್ತಿಲ್ಲ ಕಾಕು. ನನಗ ಸಿಗಲಿಲ್ಲ."

ಕಾಕು ಖಾಲಿ ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ನಗು ಅವಳ ಮುಖದಲ್ಲಿ ನಿಧಾನವಾಗಿ ಹರಡಿತು. ಬಹಳ ಹೊತ್ತಿನ ಮೇಲೆ ಎದ್ದು, ಅದನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಸಂಜೆ ಮುಂದಿನ ಮನೆಯ ಕಟ್ಟೆಗೆ ಇಟ್ಟು ಬಂದಳು. ಡಬರಿ ಗುಡಿಯ ಕಡೆಗೆ ಒಂದು ಮನೆ ಮುಂದೆ ಹೋಯಿತು. ಶನಿವಾರ ಈ ಕಡೆ, ನಮ್ಮ ಮನೆಯ ಕಡೆಗೆ ಹೊರಟಿತ್ತು. ಕಾಕು ಗೋಡೆಯಾಚೆಗೆ ದನಿ ಎತ್ತಿ ಅಮ್ಮನಿಗೆ ಹೇಳಿದಳು:

"ವೈನೀ, ಮುಂದಿನ ವಾರ ನಿಮ್ಮದು. ಬೆಲ್ಲ ಚಲೋದು ತರಸಿಡ್ರಿ. ಏನೂ ಉಳ್ಯಂಗಿಲ್ಲ ಮತ್ತ."